ತಲೆ ಇರಬೇಕಾದ ಕಡೆ ನಿಂಬೆಹೋಳು

ಸತ್ತವರಿಗೆ ಇಟ್ಟ ಎಡೆಯ ರುಚಿಯನ್ನೆಲ್ಲ ಅವರೇ ಉಂಡು ಹೋಗುತ್ತಾರೆ, ಮರುದಿನ ಮನೆಯವರ ಪಾಲಿಗೆ ಉಳಿಯುವುದು ಬರೀ ಪದಾರ್ಥದ ತೂಕ ಎಂದು ದ್ವೀಪದವರೆಲ್ಲ ನಂಬುತ್ತಾರೆ. ಹಾಗಾದರೆ ಮೊದಲೇ ರುಚಿಯಿಲ್ಲದ್ದನ್ನು ಎಡೆಯಿಟ್ಟರೆ, ಅವರು ಉಂಡರೋ ಬಿಟ್ಟರೋ ತಿಳಿಯುವುದು ಹೇಗೆ? ಒಬ್ದುಲಿಯಾ ದೆ ಲಾ ಲೂಸ್ ಒಮ್ಮೆ ಬೆಳ್ಳುಳ್ಳಿ ಸುಲಿಯುತ್ತ ಈ ಪ್ರಶ್ನೆ ಕೇಳಿದ್ದಳು. ಇದನ್ನು ಬರೆಯುತ್ತಿರುವವರಿಗೆ ಅಂದು ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ. ಅಂಥದೇ ಇನ್ನೊಂದು ತಟ್ಟೆಯನ್ನು ಯಾರಿಗೂ ಎಡೆಯಿಡದೆ ಪಕ್ಕದಲ್ಲಿಟ್ಟು ಎರಡನ್ನೂ ತಿಂದು ಹೋಲಿಸಬೇಕು ಎನ್ನಬಹುದಿತ್ತು. ಆದರೆ ಆ ದ್ವೀಪದಲ್ಲಿ ಸತ್ತವರಿಲ್ಲದ ಮನೆಯೇ ಇಲ್ಲ. ಎರಡನೆಯ ತಟ್ಟೆಯನ್ನು ಯಾರೂ ಮುಟ್ಟಲಿಲ್ಲವೆಂದು ಖಾತರಿ ಕೊಡುವವರು ಯಾರು?

ಪಾತ್ಸ್ಕ್ವಾರೊ ಸರೋವರದ ಆ ದ್ವೀಪದಲ್ಲಿ, ದೋಣಿಕಟ್ಟೆಯಿಂದ ಮೇಲೇರುವ ಮೆಟ್ಟಿಲುಗಳ ಎಡಕ್ಕೆ, ಒಬ್ದುಲಿಯಾಳ ಊಟದಂಗಡಿ ಇತ್ತು. ನಾಲ್ಕು ಮೇಜು, ಒಂದು ಒಲೆ, ಹೊಗೆ ಹಿಡಿದ ಒಂದು ಮೇರಿಯಮ್ಮನ ಪಟ. ಹೊರಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 'ಇಲ್ಲಿ ಬಿಳಿ ಮೀನು ಸಿಗುತ್ತದೆ' ಎಂದು ಬರೆದಿತ್ತು. ಅದನ್ನು ಬರೆಸಿದವಳು ಅವಳ ತಾಯಿ ತೊಮಾಸಾ, ಬಿಳಿ ಮೀನು ಸಿಗುತ್ತಿದ್ದ ಕಾಲದಲ್ಲಿ. ಅಕ್ಷರಗಳು ಮಾಸಿದಾಗಲೆಲ್ಲ ಮತ್ತೆ ಬಣ್ಣ ಬಳಿಯುತ್ತಿದ್ದರು. ಮೀನಿಗೆ ಅಂಥ ಉಪಾಯವಿರಲಿಲ್ಲ.

ಆ ಮೀನಿನ ತವರು ಆ ಸರೋವರವೇ. ಮೊಳಕೈಗಿಂತ ತುಸು ಚಿಕ್ಕದು. ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಎಳೆದ ಒಂದು ಬೆಳ್ಳಿಯ ಗೆರೆ. ಮೈ ಎಷ್ಟು ತಿಳಿಯೆಂದರೆ ಬೆಳಕಿಗೆ ಹಿಡಿದಾಗ ಆಚೆ ಬದಿಯ ಬೆರಳಿನ ನೆರಳು ಕಾಣಬೇಕು. ತೊಮಾಸಾ ದಡದ ಸಂತೆಯಲ್ಲಿ ಕೂತು ಮೀನು ಕೊಟ್ಟು ಜೋಳ ಪಡೆಯುತ್ತಿದ್ದ ದಿನಗಳಲ್ಲಿ, ಬೆರಳು ಕಾಣದ ಮೀನನ್ನು ಬುಟ್ಟಿಯಿಂದ ತೆಗೆದು ಬೆಕ್ಕಿಗೆ ಎಸೆಯುತ್ತಿದ್ದಳಂತೆ. ಮೀನು ಯಾಕೆ ಕಡಿಮೆಯಾಯಿತು ಎಂಬುದಕ್ಕೆ ದ್ವೀಪದಲ್ಲಿ ಮನೆಗೊಂದು ಕಾರಣವಿತ್ತು. ತೊಂದರೆಯೆಂದರೆ ಎಲ್ಲ ಕಾರಣಗಳೂ ನಿಜವಾಗಿದ್ದವು. ಸುತ್ತಲಿನ ಗುಡ್ಡಗಳ ಪೈನ್ ಮರಗಳನ್ನು ಕಡಿದ ಮೇಲೆ ಪ್ರತಿ ಮಳೆಗೂ ಗುಡ್ಡದ ಮಣ್ಣು ನೀರಿಗಿಳಿಯಿತು. ದಡದ ಕಲ್ಲು, ಜೊಂಡುಗಳಿಗೆ ಕೂದಲಿನಂಥ ಎಳೆಗಳಿಂದ ಅಂಟಿಕೊಂಡು ಬೆಳೆಯಬೇಕಾದ ಮೊಟ್ಟೆಗಳ ಮೇಲೆ ಆ ಮಣ್ಣು ಕೂತಿತು. ಪಟ್ಟಣ ತನ್ನ ಚರಂಡಿಯನ್ನು ಸರೋವರಕ್ಕೆ ಒಪ್ಪಿಸಿತು. ಬೆಣ್ಣೆಹಣ್ಣಿನ ತೋಟದವರು ಟ್ಯಾಂಕರು ತಂದು ನೀರು ತುಂಬಿಕೊಂಡು ಹೋದರು. ಹಿಂದೊಮ್ಮೆ ಬಡವರ ತಟ್ಟೆಗೆ ಮೀನು ಹೆಚ್ಚಲಿ ಎಂಬ ಸದುದ್ದೇಶದಿಂದ ಹೊರಗಿನಿಂದ ತಂದು ಬಿಟ್ಟ ಗೆಂಡೆ ಕೆಸರನ್ನು ಕೆದಕಿ ಮೊಟ್ಟೆ ತಿಂದಿತು. ಗಾಳ ಹಾಕುವ ಹವ್ಯಾಸಿಗಳ ಸಂತೋಷಕ್ಕೆ ಬಿಟ್ಟ ಇನ್ನೊಂದು ಮೀನು, ಮೊಟ್ಟೆಯೊಡೆದು ಹೊರಬಂದ ಮರಿಗಳನ್ನು ತಿಂದಿತು. ನೀರು ಹಿಂದೆ ಸರಿದಂತೆಲ್ಲ ದೋಣಿಕಟ್ಟೆ ಅದರ ಬೆನ್ನುಹತ್ತಿ ಉದ್ದವಾಗುತ್ತ ಹೋಯಿತು.

ಪ್ರವಾಸಿಗರು ಮಾತ್ರ ಕಡಿಮೆಯಾಗಲಿಲ್ಲ. ಅವರು ಗೋಡೆ ಓದಿ ಒಳಗೆ ಬಂದು ಬಿಳಿ ಮೀನು ಕೇಳುತ್ತಿದ್ದರು. ಒಬ್ದುಲಿಯಾ ಇಲ್ಲವೆನ್ನುತ್ತಿರಲಿಲ್ಲ.

ಅವಳು ತಿಲಾಪಿಯಾ ಮೀನಿನ ಪಕ್ಕೆಯನ್ನು ಎಲೆಯಾಕಾರಕ್ಕೆ ಕೊಯ್ದು, ಕೆಸರಿನ ವಾಸನೆ ಹೋಗುವಂತೆ ಉಪ್ಪು ಬೆರೆಸಿದ ಹಾಲಿನಲ್ಲಿ ನೆನೆಸಿ, ಬಾಲದ ಕಡೆ ಕತ್ತರಿಸಿ ಕವಲು ಮಾಡಿ, ನೊರೆಗಟ್ಟಿಸಿದ ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಿದ್ದಳು. ಆ ಹೊದಿಕೆಯೊಳಗೆ ಯಾವ ಮೀನಾದರೂ ಯಾವ ಮೀನೂ ಆಗಬಲ್ಲದು. ತಟ್ಟೆಯಲ್ಲಿ ತಲೆ ಇರಬೇಕಾದ ಕಡೆ ದಪ್ಪನೆಯ ಒಂದು ನಿಂಬೆಹೋಳನ್ನು ಮಲಗಿಸುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಆ ಹೋಳನ್ನು ಎತ್ತಿ ನೋಡಿದ ಗಿರಾಕಿ ಒಬ್ಬನೇ, ಗ್ವಾದಲಹಾರಾದ ಹಲ್ಲಿನ ಡಾಕ್ಟರು.

"ತಲೆ ಎಲ್ಲಮ್ಮಾ?" ಎಂದು ಆತ ಕೇಳಿದ.

"ಸೂಪಿಗೆ ಹೋಯ್ತು ಸ್ವಾಮಿ."

ಆತ ಸೂಪನ್ನೂ ತರಿಸಿಕೊಂಡ.

ಇದರಿಂದ ಅವಳಿಗೆ ಅಳುಕಾಗಲಿ ಹೆಮ್ಮೆಯಾಗಲಿ ಇದ್ದಂತೆ ಕಾಣಲಿಲ್ಲ. ಅವಳ ಗಂಡ ಸೆಲ್ಸೊನ ಕಸುಬೂ ಅದೇ ಜಾತಿಯದಾಗಿತ್ತು. ಪ್ರವಾಸಿಗರ ಲಾಂಚು ದ್ವೀಪದ ಹತ್ತಿರ ಬಂದಾಗ ಅವನೂ ಇನ್ನು ಮೂವರೂ ತಂತಮ್ಮ ಪುಟ್ಟ ದೋಣಿಗಳಲ್ಲಿ ವೃತ್ತಾಕಾರವಾಗಿ ನಿಂತು, ಚಿಟ್ಟೆಯ ರೆಕ್ಕೆಗಳಂತೆ ಅಗಲವಾದ ಬಲೆಗಳನ್ನು ನೀರಿನಲ್ಲಿ ಮುಳುಗಿಸಿ, ಒಟ್ಟಿಗೆ ಎತ್ತಿ, ಫೋಟೋಗೆ ಸಾಕಾಗುವಷ್ಟು ಹೊತ್ತು ಹಿಡಿದು, ಮತ್ತೆ ಮುಳುಗಿಸುತ್ತಿದ್ದರು. ಆಮೇಲೆ ಲಾಂಚಿನ ಪಕ್ಕಕ್ಕೆ ಬಂದು ಟೋಪಿ ಚಾಚುತ್ತಿದ್ದರು. ಅಜ್ಜಂದಿರ ಬಲೆಗಳು ಮೀನಿಗೆಂದು ನೇಯ್ದವು, ಒದ್ದೆಯಾದರೆ ಭಾರ. ಈಗಿನವು ಹಗುರ, ಕಣ್ಣು ದೊಡ್ಡದು, ಸೂರ್ಯನೆದುರು ಎತ್ತಿದರೆ ಚೆನ್ನಾಗಿ ಕಾಣುತ್ತವೆ. ಸೆಲ್ಸೊನ ಬಲೆ ಒಂದು ಕಡೆ ಹರಿದಾಗ ಮಗಳು ನೆರೇಯ್ದಾ ಅಲ್ಲಿಗೆ ಹಳೆಯ ಕಿಟಕಿ ಪರದೆಯ ತುಂಡನ್ನು ಹೊಲಿದುಕೊಟ್ಟಿದ್ದಳು. ದೂರದಿಂದ ಅದೂ ಬಲೆಯಂತೆಯೇ ಕಾಣುತ್ತಿತ್ತು.

ಹೀಗೆ ಮೀನಿಲ್ಲದ ಸರೋವರದಲ್ಲಿ ಗಂಡ ಮೀನು ಹಿಡಿಯುವಂತೆ, ಹೆಂಡತಿ ಅದನ್ನು ಅಡುಗೆ ಮಾಡುವಂತೆ ನಡೆದುಕೊಂಡು ಸಂಸಾರ ಸಾಗುತ್ತಿದ್ದಾಗ, ಒಂದು ಬೇಸಿಗೆಯ ಮೊದಲಲ್ಲಿ ತೊಮಾಸಾ ಹಾಸಿಗೆ ಹಿಡಿದಳು. ಕೊನೆಯ ವಾರ ಅವಳು ಮಗಳನ್ನು ಹತ್ತಿರ ಕರೆದಳು.

"ನಿನ್ನ ಆಟ ನನ್ನ ಹತ್ರ ಬೇಡ ಕಣೇ."

"ಯಾವ ಆಟ ಅಮ್ಮಾ?"

"ಆ ಹಲ್ಲಿನ ಡಾಕ್ಟ್ರ ಹತ್ರ ಆಡಿದ್ದು. ನನ್ನ ಮೊದಲ್ನೇ ವರ್ಷದ ಎಡೆಗೆ ಅಸಲಿ ಮೀನಿಡ್ಬೇಕು. ಉರಾಪಿತಿ. ತಲೆ ಸಮೇತ. ತಟ್ಟೇಲಿ ನಿಂಬೆಹಣ್ಣು ಕಂಡ್ರೆ ಬಾಗಿಲಿಂದಾನೇ ವಾಪಸ್ ಹೋಗ್ತೀನಿ, ಹೇಳಿದೀನಿ."

ಉರಾಪಿತಿ ಎಂದರೆ ಅವರ ಮಾತಿನಲ್ಲಿ ಬಿಳಿಯದು. ಅಂಗಡಿಯ ಮೀನನ್ನು ತೊಮಾಸಾ ಎಂದೂ ಆ ಹೆಸರಿನಿಂದ ಕರೆದಿರಲಿಲ್ಲ.

"ಎಲ್ಲಿಂದ ತರ್ಲಿ ಅಮ್ಮಾ? ಕೆರೇಲಿ ಇದ್ರೆ ತಾನೇ?"

"ಅದು ನಿನ್ನ ತಲೆನೋವು. ನಾನು ಸಾಯ್ತಾ ಇದೀನಿ."

ಒಬ್ದುಲಿಯಾ ತಾಯಿಯ ಕೈ ಹಿಡಿದು ಆಗಲಿ ಎಂದಳು. ನಾಲ್ಕನೆಯ ದಿನ ತೊಮಾಸಾ ತೀರಿಕೊಂಡಳು. ಮೊದಲ ವರ್ಷದ ಎಡೆ ಉಳಿದ ವರ್ಷಗಳ ಎಡೆಯಂತಲ್ಲ. ಹೊಸದಾಗಿ ಹೋದವರು ದಾರಿ ಕೇಳಿಕೊಂಡು ಮೊದಲ ಸಲ ಮನೆಗೆ ಬರುತ್ತಾರೆ, ಬಂದಾಗ ಬಯಸಿದ್ದು ಕಾಣದಿದ್ದರೆ ಮತ್ತೆ ಬರುವರೋ ಇಲ್ಲವೋ. ಸತ್ತವರಿಗೆಲ್ಲ ಎಡೆಯಿಡುವ ನವೆಂಬರಿನ ಒಂದನೆಯ ತಾರೀಖಿನೊಳಗೆ ಒಂದು ಬಿಳಿ ಮೀನು ಬೇಕಾಗಿತ್ತು.

ಅವಳು ಮೊದಲು ಗಂಡನನ್ನು ಹಿಡಿದಳು.

"ನೀನೇನು ಮೀನು ಹಿಡಿಯೋನಾ, ಕುಣಿಯೋನಾ?"

"ಎರಡೂ ಅಲ್ಲ. ಫೋಟೋದೋನು," ಎಂದ ಸೆಲ್ಸೊ.

ಆಮೇಲೆ ಉತ್ತರ ದಡದ ಬೆಸ್ತರಿಗೆ ಹೇಳಿಕಳಿಸಿದಳು. ಒಬ್ಬ ಬಾಲ ಕತ್ತರಿಸಿದ ಗೆಂಡೆ ಮರಿಯನ್ನು ತಂದುಕೊಟ್ಟು ಇದೇ ಅದು ಎಂದ. ಅವಳು ಅದನ್ನು ತಿರುಗಿಸಿ ನೋಡಿ, ಕೆಲಸ ಒರಟಾಯಿತು ಎಂದಳು. ಕೊನೆಗೆ ದಡದ ಮೀನು ಕಚೇರಿಗೆ ಹೋದಳು. ಅಲ್ಲಿ ಗಾಜಿನ ಮತ್ತು ಸಿಮೆಂಟಿನ ತೊಟ್ಟಿಗಳಲ್ಲಿ ಬಿಳಿ ಮೀನು ಸಾಕುತ್ತಿದ್ದರು. ತೊಟ್ಟಿ ನೋಡಿಕೊಳ್ಳುತ್ತಿದ್ದ ಲಿಬೋರಿಯೋ, ನೆರೇಯ್ದಾಳ ನಾಮಕರಣದ ದಿನ ಅವಳನ್ನು ಎತ್ತಿಕೊಂಡು ನಿಂತವನು. ಆ ಸಂಬಂಧದಿಂದ ಅವನು ಒಬ್ದುಲಿಯಾಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಕತ್ತರಿ ಇರುತ್ತಿತ್ತು. ಅದು ಮೀಸೆಗೆಂದು ಅವಳು ತಿಳಿದಿದ್ದಳು.

"ಒಂದೇ ಒಂದು ಕೊಡು ಕೊಂಪಾದ್ರೆ. ಮುದಿಯಾಗಿದ್ರೂ ಪರವಾಗಿಲ್ಲ."

"ಇವು ಸರ್ಕಾರದ ಮೀನು ಕೊಮಾದ್ರೆ. ಸತ್ರೂ ಬಿಡಂಗಿಲ್ಲ. ಬಾಟ್ಲೀಗೆ ಹಾಕಿ ಮೇಲಿನೋರಿಗೆ ಕಳಿಸ್ಬೇಕು."

"ಬಾಟ್ಲೀದು ಬೇಡ ಬಿಡು."

"ಎರಡು ವರ್ಷದ ಹಿಂದೆ ಇಲ್ಲಿಂದಾನೇ ಒಂದಷ್ಟು ಮರಿ ಕೆರೇಗೆ ಬಿಟ್ವಿ. ಒಂದೂ ಮತ್ತೆ ಕಣ್ಣಿಗೆ ಬೀಳ್ಲಿಲ್ಲ. ಎಲ್ಲಾ ಹೊಂದ್ಕೊಂಡಿವೆ ಅಂತ ನಮ್ಮ ಸಾಹೇಬ್ರು ಭಾಷಣ ಮಾಡಿದ್ರು."

ಒಬ್ದುಲಿಯಾ ಗಾಜಿನೊಳಗೆ ತೇಲುತ್ತಿದ್ದ ಮೀನುಗಳನ್ನು ಕಸುಬಿನವಳ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಬಾಲದ ಕವಲನ್ನು ತಾನು ತುಸು ಅಗಲವಾಗಿ ಕತ್ತರಿಸುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ಮರುದಿನದಿಂದ ಸರಿಪಡಿಸಿಕೊಂಡಳು.

ನವೆಂಬರ್ ಒಂದರ ಬೆಳಿಗ್ಗೆ ದ್ವೀಪ ಚೆಂಡುಹೂವಿನಿಂದ ಹಳದಿಯಾಗಿತ್ತು, ಲಾಂಚುಗಳು ಒಂದರ ಹಿಂದೊಂದು ಬರುತ್ತಿದ್ದವು. ಸೆಲ್ಸೊ ಎಂದಿನಂತೆ ಬಲೆ ಮುಳುಗಿಸಿದ, ಎತ್ತಿದ. ಪರದೆಯ ತುಂಡಿನಲ್ಲಿ, ನೀರುಗಿಡದ ಒಂದು ಮುದ್ದೆಯ ಜೊತೆ, ಏನೋ ಬೆಳ್ಳಗೆ ಮಿಸುಕಾಡುತ್ತಿತ್ತು. ಲಾಂಚಿನಲ್ಲಿದ್ದವರು ಚಪ್ಪಾಳೆ ತಟ್ಟಿದರು; ಅವರಿಗೆ ಬಲೆಯಲ್ಲಿ ಮೀನು ಬರುವುದು ಸಹಜವಾಗಿತ್ತು. ಸೆಲ್ಸೊ ಫೋಟೋಗೆ ಸಾಕಾಗುವಷ್ಟು ಹೊತ್ತು ಬಲೆಯನ್ನು ಹಿಡಿದು, ಅಭ್ಯಾಸಬಲದಿಂದ ಮತ್ತೆ ನೀರಿನಲ್ಲಿ ಮುಳುಗಿಸಿದ.

"ಏಯ್ ಸೆಲ್ಸೊ!" ಪಕ್ಕದ ದೋಣಿಯವನು ಕೂಗಿದ. "ಮೀನು ಕಣಯ್ಯಾ! ಮೀನು!"

"ಎಲ್ಲಿ?"

"ನಿನ್ನ ಬಲೇಲಿ!"

ಎರಡನೆಯ ಸಲ ಎತ್ತಿದಾಗಲೂ ಅದು ಅಲ್ಲಿಯೇ ಇತ್ತು. ಅದಕ್ಕೂ ಈ ಪದ್ಧತಿ ಹೊಸದಾಗಿರಬೇಕು. ಮೀನು ಹಾಕಿಕೊಳ್ಳಲು ಯಾರ ಬಳಿಯೂ ಬುಟ್ಟಿಯಿರಲಿಲ್ಲ. ಬುಟ್ಟಿ ಒಯ್ಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಸೆಲ್ಸೊ ದೋಣಿಯ ನೀರು ಹೊರಚೆಲ್ಲುವ ಪ್ಲಾಸ್ಟಿಕ್ ಬಕೆಟ್ಟಿಗೆ ಸರೋವರದ ನೀರು ತುಂಬಿ, ಮೀನನ್ನು ಕೈಯಿಂದ ಮುಟ್ಟದೆ ಪರದೆಯಿಂದಲೇ ಅದರೊಳಗೆ ಜಾರಿಸಿ, ಟೋಪಿ ಚಾಚುವುದನ್ನೂ ಮರೆತು ದಡಕ್ಕೆ ಹುಟ್ಟು ಹಾಕಿದ.

ಒಬ್ದುಲಿಯಾ ಬಕೆಟ್ಟನ್ನು ಹಿತ್ತಲ ನೆರಳಿನಲ್ಲಿ ಇರಿಸಿಕೊಂಡಳು. ಮಂಡಿಯೂರಿ, ಕೈಯನ್ನು ನೀರಿನಲ್ಲಿ ನಿಧಾನವಾಗಿ ಮೀನಿನ ಆಚೆ ಬದಿಗೆ ಒಯ್ದು ಬೆರಳೊಂದನ್ನು ಎತ್ತಿದಳು. ಮೀನಿನ ಮೈಯೊಳಗಿಂದ ಬೆರಳಿನ ನೆರಳು ಕಂಡಿತು.

"ಅಸಲಿ," ಎಂದಳು.

"ಅತ್ತೇನೇ ಕಳಿಸಿದಾಳೆ," ಎಂದು ಸೆಲ್ಸೊ ಶಿಲುಬೆಯ ಗುರುತು ಮಾಡಿಕೊಂಡ.

"ಕಳಿಸೋಳಾಗಿದ್ರೆ ಇಷ್ಟು ತಡ ಮಾಡ್ತಿರ್ಲಿಲ್ಲ. ಹೋಗು, ಲಾಂಚು ಬಂತು."

ಸುದ್ದಿ ಲಾಂಚಿಗಿಂತ ವೇಗವಾಗಿ ದಡ ಸೇರಿತ್ತು. ಮಧ್ಯಾಹ್ನದೊಳಗೆ ಲಿಬೋರಿಯೋ ಏದುಸಿರು ಬಿಡುತ್ತ ಹಿತ್ತಲಿಗೆ ಬಂದ. ಬಕೆಟ್ಟಿನ ಮೇಲೆ ಬಗ್ಗಿ ನೋಡಿದ. ಮೇಲಿನಿಂದ ಕಾಣುತ್ತಿದ್ದುದು ಒಂದು ಕಪ್ಪು ಬೆನ್ನು ಮಾತ್ರ.

"ಹೆಣ್ಣು," ಎಂದ. "ಕೊಮಾದ್ರೆ, ಇದನ್ನ ನಂಗೆ ಕೊಡು."

"ಆಗ ನಾನು ಕೇಳಿದಾಗ ನೀನು ಕೊಟ್ಯಾ?"

"ಕೇಳಿಲ್ಲಿ. ನಮ್ಮ ತೊಟ್ಟೀಲಿರೋವೆಲ್ಲ ಅಣ್ಣ ತಂಗೀರು. ಮರಿ ಹುಟ್ತಾವೆ, ಬೆನ್ನು ಸೊಟ್ಟ. ಹೊರಗಿನ ರಕ್ತ ಬೇಕು. ಈ ಕೆರೇಲೇ ಹುಟ್ಟಿ ಬೆಳೆದಿದ್ದು ಎಲ್ಲಿಂದ ತರ್ಲಿ?"

"ನಮ್ಮಮ್ಮನಿಗೂ ಅದೇ ಬೇಕಂತೆ."

"ತೊಮಾಸಾ ಅಜ್ಜಿ ಸತ್ತಿದಾಳೆ. ಇದು ಸತ್ತಿಲ್ಲ."

"ಅವಳು ಸತ್ತಿರೋದು ನಂಗೆ ಗೊತ್ತು. ಎಡೆ ಬದುಕಿರೋರಿಗೆ ಇಡ್ತಾರಾ?"

ಲಿಬೋರಿಯೋ ಒಂದು ಕಲ್ಲಿನ ಮೇಲೆ ಕೂತು ಮೀಸೆ ತೀಡಿದ. ಏಳುವಾಗ ಇಷ್ಟು ಮಾತ್ರ ಹೇಳಿದ:

"ಇದು ಹೆದರಿಕೆಗೇ ಸಾಯೋ ಮೀನು. ನೀರಿಗೆ ಎರಡು ಮೂರು ಹಿಡಿ ಉಪ್ಪು ಹಾಕು, ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ಹೆಂಗಿದ್ರೂ ಕರಿಯೋದು ಸಂಜೆಗೆ ತಾನೇ? ನಾನು ಕಚೇರೀಲೇ ಇರ್ತೀನಿ."

ಅವನು ಹೋದ ಮೇಲೆ ಅವಳು ಉಪ್ಪಿನ ಡಬ್ಬಿ ನೋಡಿದಳು. ಹಬ್ಬದ ಗಿರಾಕಿಗಳಿಗೆಂದು ತಂದಿದ್ದ ಉಪ್ಪು ಆಗಲೇ ತಳ ಕಂಡಿತ್ತು. ತಾಯಿಯ ಪಟದ ಮುಂದೆ ಒಂದು ಚಿಕ್ಕ ಬಟ್ಟಲಲ್ಲಿ ಉಪ್ಪು ಇತ್ತು, ಅದನ್ನು ಮುಟ್ಟುವಂತಿರಲಿಲ್ಲ. ಡಬ್ಬಿಯಲ್ಲಿದ್ದುದನ್ನು ಬಗ್ಗಿಸಿದಳು, ಸಾಲದೆ ನಾಲ್ಕು ಮೇಜುಗಳ ಮೇಲಿನ ಕುಪ್ಪಿಗಳನ್ನೂ ತಂದು ಬಗ್ಗಿಸಿದಳು. ಮೀನಿನ ಉಸಿರು ನಿಧಾನವಾಯಿತು.

ಆಮೇಲೆ ಅವಳು ಚಾಕು ಮಸೆದಳು. ಬಾಣಲೆಯನ್ನು ತಿಕ್ಕಿಟ್ಟಳು. ಮೊಟ್ಟೆ ಒಡೆದಿಟ್ಟಳು. ಮತ್ತೆ ಬಕೆಟ್ಟಿನ ಬಳಿ ಬಂದು ಕೂತಳು. ಮೀನಿನ ಮೇಲೆ ಅವಳಿಗೆ ವಿಶೇಷ ಕನಿಕರವಿರಲಿಲ್ಲ. ಅದನ್ನು ಬದುಕಿಸಿ ಜಗತ್ತಿಗೆ ಉಪಕಾರ ಮಾಡಬೇಕೆಂಬ ಯೋಚನೆ ಅವಳ ಸ್ವಭಾವದಲ್ಲೇ ಇರಲಿಲ್ಲ. ಅವಳನ್ನು ಕಾಡಿದ ವಿಷಯ ಬೇರೆ. ಇಷ್ಟು ವರ್ಷ ಅವಳು ಮಾಡುತ್ತ ಬಂದದ್ದು ಒಂದು ಮೀನಿನ ನಕಲು. ಬಾಲದ ಕವಲು ಎಷ್ಟಿರಬೇಕು, ಸೊಂಟ ಎಲ್ಲಿ ಸಣ್ಣಗಾಗಬೇಕು ಎಂಬ ಅನುಮಾನ ಬಂದಾಗ ಹೋಗಿ ನೋಡಲು ಎಲ್ಲೋ ಒಂದು ಕಡೆ ಅಸಲಿ ಇತ್ತು. ಈ ಮೀನನ್ನು ಕರಿದು, ತೊಟ್ಟಿಯ ಮೀನುಗಳೂ ಬೆನ್ನು ಸೊಟ್ಟಗಾಗಿ ಮುಗಿದುಹೋದರೆ, ಆಮೇಲೆ ತಾನು ಕರಿಯುವುದು ಯಾವುದರ ನಕಲು? ಬರೀ ತಿಲಾಪಿಯಾ, ನಿಂಬೆಹೋಳಿನೊಂದಿಗೆ.

ಅವಳು ಒಳಗೆ ಹೋಗಿ ತಾಯಿಯ ಪಟದ ಮುಂದೆ ನಿಂತಳು.

"ತಲೆ ಇರುತ್ತೆ. ನಿಂಬೆಹಣ್ಣು ಇರಲ್ಲ," ಎಂದಳು. "ಅಷ್ಟಕ್ಕೆ ಒಪ್ಕೋ."

ಪಟ ಒಪ್ಪಿತೋ ಇಲ್ಲವೋ ಹೇಳುವುದು ಕಷ್ಟ. ತೊಮಾಸಾ ಆ ಪಟದಲ್ಲಿ ಮೊದಲಿನಿಂದಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದಳು.

ಅಂಗಡಿಯನ್ನು ನೆರೇಯ್ದಾಗೆ ಬಿಟ್ಟು, ಬಕೆಟ್ಟಿನ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮೇಲೆ ಚೆಂಡುಹೂವು ರಾಶಿ ಹಾಕಿ, ಒಬ್ದುಲಿಯಾ ದಡಕ್ಕೆ ಹೋಗುವ ಲಾಂಚು ಹತ್ತಿದಳು. ಪಕ್ಕದಲ್ಲಿ ಕೂತ ಪಟ್ಟಣದ ಹೆಂಗಸು ಹೂವನ್ನು ಮುಟ್ಟಿ ನೋಡಿದಳು.

"ಎಲ್ಲರೂ ಹೂವು ತಗೊಂಡು ದ್ವೀಪಕ್ಕೆ ಹೋಗ್ತಿದಾರೆ, ನೀವು ವಾಪಸ್ ತರ್ತಿದೀರಲ್ಲ ಅಮ್ಮಾ?"

"ಹೆಚ್ಚಾಯ್ತು," ಎಂದಳು ಒಬ್ದುಲಿಯಾ.

ಕಚೇರಿಯ ಬಾಗಿಲಲ್ಲಿ ಲಿಬೋರಿಯೋ ನಿಂತಿದ್ದ. ಬಕೆಟ್ಟು ಕೈ ಬದಲಾಯಿಸಿತು. ಅವನು ಏನೋ ಹೇಳಲು ಬಾಯಿ ತೆರೆದಾಗ ಅವಳು, "ಸೆಲ್ಸೊಗೆ ಗೊತ್ತಾದ್ರೆ ನಿನ್ನ ಮೀಸೆ ನಾನೇ ಕತ್ತರಿಸ್ತೀನಿ. ಬಕೆಟ್ ನಾಳಿದ್ದು ಕಳಿಸು," ಎಂದು ಸಂತೆಯ ಕಡೆ ನಡೆದಳು.

ಅಲ್ಲಿ ಅವಳು ಉದ್ದನೆಯದೊಂದು ತಿಲಾಪಿಯಾ ಆರಿಸಿದಳು. ತಲೆಯದೇ ಸಮಸ್ಯೆ. ಬಿಳಿ ಮೀನಿಗೆ ಚರಾಲ್ ಎಂಬ ಬಡ ನೆಂಟನಿದ್ದಾನೆ. ಅದೇ ಕುಲ, ಅದೇ ಬೆಳ್ಳಿಯ ಗೆರೆ, ಬೆರಳುದ್ದದ ಮೈ. ಚರಾಲ್ ಮಾರುವವಳ ಬುಟ್ಟಿಯನ್ನು ತಳದವರೆಗೆ ಕೆದಕಿ, ಬೈಸಿಕೊಂಡು, ಅತಿ ದೊಡ್ಡ ತಲೆಯಿದ್ದ ಒಂದನ್ನು ಹುಡುಕಿ ತೆಗೆದಳು. ತಲೆಯ ಚಿಂತೆಯಲ್ಲಿ ಅವಳು ಉಪ್ಪು ಕೊಳ್ಳುವುದನ್ನು ಮರೆತಳು.

ಅದು ಮನೆಯಲ್ಲಿ, ಹಾಲು ಬಟ್ಟಲಿಗೆ ಸುರಿದ ಮೇಲೆ, ಅವಳ ನೆನಪಿಗೆ ಬಂತು. ದ್ವೀಪದ ಅಂಗಡಿಗಳಲ್ಲಿ ಅಂದು ಮೇಣದಬತ್ತಿ, ಬಿಯರು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ನೆರೆಮನೆಯಲ್ಲಿ ಕೇಳಬಹುದಿತ್ತು, ಕೇಳಿದರೆ ಇಷ್ಟು ಉಪ್ಪು ಎಲ್ಲಿ ಹೋಯಿತೆಂದು ಹೇಳಬೇಕಾಗುತ್ತಿತ್ತು. ಹೊರಗೆ ಮೇಜಿನವರು ಉಪ್ಪು ಕೇಳುತ್ತಿದ್ದುದು, ನೆರೇಯ್ದಾ ಅವರಿಗೆ ಈ ದಿನ ಉಪ್ಪು ಮುಟ್ಟುವುದು ನಮ್ಮಲ್ಲಿ ಪದ್ಧತಿಯಲ್ಲ ಎಂದು ಗಂಭೀರವಾಗಿ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು. ಅವರು ಅದನ್ನು ತಲೆಬಾಗಿ ಒಪ್ಪಿಕೊಂಡರು. ಒಬ್ದುಲಿಯಾ ಉಪ್ಪಿಲ್ಲದೆಯೇ ಅಡುಗೆ ಮಾಡಿದಳು.

ಅವಳ ಕೈಯಲ್ಲಿ ಅಷ್ಟು ಒಳ್ಳೆಯ ನಕಲು ಅದಕ್ಕೆ ಮೊದಲು ಆಗಿರಲಿಲ್ಲ. ಬಾಲದ ಕವಲು ಕರಾರುವಾಕ್ಕಾಗಿತ್ತು. ಕತ್ತು ಕೂಡುವ ಕಡೆ ಮೊಟ್ಟೆಯ ನೊರೆ ಬೆಸುಗೆಯಂತೆ ಕೂತಿತು. ಸಂಜೆ ಸೆಲ್ಸೊ ಬಂದು, ಎಡೆಯ ಮುಂದೆ ಟೋಪಿ ತೆಗೆದು ನಿಂತ.

"ತಲೆ ಚಿಕ್ಕದಾಯ್ತಲ್ವೇನೇ?"

"ಕೆರೇಲಿ ಬೆಳೆದ ಮೀನಿಗೆ ತಲೆ ಚಿಕ್ಕದೇ. ತೊಟ್ಟೀವು ತಿಂದು ತಿಂದು ತಲೆ ಬೆಳೆಸ್ತವೆ."

"ಹೌದೌದು," ಎಂದ ಸೆಲ್ಸೊ, ಮೀನಿನ ವಿಷಯ ಬಲ್ಲವನಂತೆ. ಅಂದು ಬೆಳಿಗ್ಗೆಯಿಂದ ಅವನು ಬಲ್ಲವನೇ ಆಗಿದ್ದ.

ಆ ರಾತ್ರಿ ಹೆಂಗಸರೆಲ್ಲ ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ ಕೂತರು, ಗಂಡಸರು ಗೋಡೆಯಾಚೆ ನಿಂತು ಚಳಿಗೆ ಕುಡಿದರು. ಬೆಳಿಗ್ಗೆ ಮನೆಯವರೂ ಇಬ್ಬರು ಮೂವರು ನೆಂಟರೂ ಎಡೆಯ ಸುತ್ತ ಸೇರಿದರು. ಎಲೆಯಲ್ಲಿ ಕಟ್ಟಿ ಬೇಯಿಸಿದ ಜೋಳದ ಕೊರುಂದಾ, ರೊಟ್ಟಿ, ಹಣ್ಣು ಎಲ್ಲವನ್ನೂ ಹಂಚಿದರು. ಮೀನನ್ನು ಕೊನೆಗೆ ಮುರಿದರು. ದ್ವೀಪದಲ್ಲಿ ಎಷ್ಟೋ ಕಾಲದ ಮೇಲೆ ಬಂದ ಬಿಳಿ ಮೀನು ಎಂದು ಎಲ್ಲರೂ ಒಂದೊಂದು ಚೂರು ತೆಗೆದುಕೊಂಡರು. ಸೆಲ್ಸೊ ಅಗಿದು ನುಂಗಿ, ಇನ್ನೊಂದು ಚೂರು ತಿಂದು, ಕಣ್ಣೊರೆಸಿಕೊಂಡ.

"ಏನೂ ರುಚಿಯಿಲ್ಲ," ಎಂದ. "ಅತ್ತೆ ಒಂದು ಚೂರೂ ಬಿಟ್ಟಿಲ್ಲ."

"ಕೊರುಂದಾದಲ್ಲಿ ಸ್ವಲ್ಪ ಉಳಿಸಿದಾಳೆ," ಎಂದಳು ಅವನ ಅಕ್ಕ. "ಮೀನು ಮಾತ್ರ ಪೂರ್ತಿ. ಅಷ್ಟು ಆಸೆ ಇತ್ತು ಪಾಪ."

ಒಬ್ದುಲಿಯಾ ತನ್ನ ಪಾಲಿನ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಉಪ್ಪಿಲ್ಲದ ತಿಲಾಪಿಯಾದ ರುಚಿ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಪ್ಪೆಯ ಹಿಂದೆ ಸ್ವಲ್ಪ ಕೆಸರು, ಸ್ವಲ್ಪ ಹಾಲು. ಅದೂ ಇದ್ದಂತೆ ಅವಳಿಗನಿಸಲಿಲ್ಲ. ಆದರೆ ಇಡೀ ರಾತ್ರಿ ಚಳಿಯಲ್ಲಿ ಕೂತು ಶೀತ ಹಿಡಿದಿತ್ತು, ಮೂಗು ಕಟ್ಟಿತ್ತು. ಅವಳು ತೀರ್ಮಾನಕ್ಕೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಸೆಲ್ಸೊ ನಿಜವಾಗಿ ಮೀನು ಹಿಡಿದವನೆಂದು ಪ್ರಸಿದ್ಧನಾದ. ಲಾಂಚಿನವರು ಅವನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಅವನ ಬಲೆಯ ಪರದೆಯ ತುಂಡನ್ನು ನೋಡಿ ಉಳಿದ ಮೂವರೂ ತಮ್ಮ ಬಲೆಗಳಿಗೆ ಪರದೆ ಹೊಲಿಸಿಕೊಂಡರು. ಮತ್ತೆ ಮೀನೇನೂ ಬೀಳಲಿಲ್ಲ. ಒಬ್ದುಲಿಯಾ ಬಿಳಿ ಮೀನು ಕರಿಯುತ್ತಲೇ ಇದ್ದಳು, ನಿಂಬೆಹೋಳು ಮಲಗಿಸುತ್ತಲೇ ಇದ್ದಳು. ಸಂತೆಗೆ ಹೋದಾಗ ಕಚೇರಿಯ ಕಿಟಕಿಯ ಬಳಿ ನಿಂತು ಕೇಳುತ್ತಿದ್ದಳು:

"ಹೆಂಗಿದಾಳೆ ನಮ್ಮೋಳು?"

"ಚೆನ್ನಾಗಿದಾಳೆ ಕೊಮಾದ್ರೆ."

"ಮರಿ?"

"ಆಗಿವೆ. ಬೆನ್ನು ನೆಟ್ಟಗಿದೆ."

"ಹೊರಗಿನ ರಕ್ತ," ಎಂದು ತಲೆಯಾಡಿಸಿ ಅವಳು ಸಂತೆಗೆ ನಡೆಯುತ್ತಿದ್ದಳು. ಲಿಬೋರಿಯೋ ಒಳಗೆ ಹೋಗುತ್ತಿದ್ದ.

ಸಕ್ಕರೆ ಕಾಯಿಲೆ ಅವಳ ಕಾಲನ್ನು ಹಿಡಿದು, ಆಮೇಲೆ ಅವಳನ್ನೇ ತೆಗೆದುಕೊಂಡಿತು. ಸಾಯುವ ಮೊದಲು ಎಡೆಗೆ ಏನು ಬೇಕೆಂದು ನೆರೇಯ್ದಾ ಕೇಳಿದಾಗ, "ಏನಾದ್ರೂ ಇಡು, ಉಪ್ಪು ಹಾಕಿಡು," ಎಂದಳು.

ಅವಳ ಮೊದಲ ವರ್ಷದ ನವೆಂಬರ್ ಒಂದರಂದು ನೆರೇಯ್ದಾ ತಾಯಿಯಿಂದ ಕಲಿತಂತೆಯೇ ತಿಲಾಪಿಯಾ ಕೊಯ್ದು, ಉಪ್ಪು ಹಾಲಿನಲ್ಲಿ ನೆನೆಸಿ, ಕರಿದು, ತಲೆ ಇರಬೇಕಾದ ಕಡೆ ನಿಂಬೆಹೋಳು ಮಲಗಿಸಿ ಎಡೆಯಿಟ್ಟಳು. ಆ ಸಂಜೆ ಲಿಬೋರಿಯೋ ಒಂದು ಮೇಣದಬತ್ತಿ ಹಿಡಿದುಕೊಂಡು ಬಂದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಕಚೇರಿಯಿಂದ ನಿವೃತ್ತನಾಗಿದ್ದ. ಬತ್ತಿ ಹಚ್ಚಿ, ತಟ್ಟೆಯನ್ನು ನೋಡಿ, ಕೂತ. ಸೆಲ್ಸೊ ದೋಣಿಕಟ್ಟೆಯಲ್ಲಿದ್ದಾನೆಂದು ಖಚಿತಪಡಿಸಿಕೊಂಡು, ಬಕೆಟ್ಟಿನ ಕಥೆಯನ್ನು ಹೇಳಿದ.

"ಹಾಗಾದ್ರೆ ಅಜ್ಜಿಗಿಟ್ಟಿದ್ದು?" ಎಂದಳು ನೆರೇಯ್ದಾ.

"ತಿಲಾಪಿಯಾ ಇರ್ಬೇಕು ಮಗಳೇ."

ಅವಳು ಮೇಣದಬತ್ತಿಯ ಕುಡಿ ಸರಿಪಡಿಸಿದಳು. "ಅವತ್ತು ಮೇಜಿನ ಮೇಲಿನ ಕುಪ್ಪಿಗಳೂ ಖಾಲಿ ಇದ್ವು," ಎಂದಳು ಆಮೇಲೆ. "ಉಪ್ಪಿಲ್ದೇ ಮಾಡಿದಾಳೆ ಅಂತ ನಂಗೆ ಗೊತ್ತಿತ್ತು. ಎಲ್ರೂ ಅಳ್ತಾ ಇದ್ರು, ಹೇಳ್ಲಿಲ್ಲ. ಹೋಗ್ಲಿ, ಕೆರೇ ಮೀನಾದ್ರೂ ಉಳೀತಲ್ಲ."

ಲಿಬೋರಿಯೋ ಜೇಬಿನಿಂದ ಆ ಪುಟ್ಟ ಕತ್ತರಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಸರೋವರಕ್ಕೆ ಬಿಡುವ ಮುನ್ನ ಪ್ರತಿ ಮರಿಯ ಹೊಟ್ಟೆಯ ಬಲರೆಕ್ಕೆಯ ತುದಿಯನ್ನು ಗುರುತಿಗಾಗಿ ಕತ್ತರಿಸುವುದು ಅವನ ಕೆಲಸವಾಗಿತ್ತು. ಬಕೆಟ್ಟಿನ ಮೀನನ್ನು ಗಾಜಿನ ತೊಟ್ಟಿಗೆ ಬಿಟ್ಟು ಪಕ್ಕದಿಂದ ನೋಡಿದಾಗ, ಅದರ ಬಲರೆಕ್ಕೆಯ ತುದಿ ಇರಲಿಲ್ಲ. ಅದು ಅದೇ ತೊಟ್ಟಿಯಲ್ಲಿ ಹುಟ್ಟಿ, ಎರಡು ವರ್ಷ ಸರೋವರದಲ್ಲಿ ಬದುಕಿದ ಮೀನು.